ಬೀಗದ ಕೈ ಎಲ್ಲಿಟ್ಟಿದ್ದೀರಿ?

ಇವತ್ತು ರಾಜಕೀಯ ಇಲ್ಲ. ಕುರ್ಚಿ ಕಿತ್ತಾಟ ಇಲ್ಲ, ಡಿನ್ನರ್ ಮೀಟಿಂಗ್ ಇಲ್ಲ, ದೆಹಲಿ ಫ್ಲೈಟ್ ಹತ್ತಿದವರ ಪಟ್ಟಿನೂ ಇಲ್ಲ. ಅವೆಲ್ಲ ನಾಳೆಗೂ ಇರುತ್ತೆ, ಎಲ್ಲಿಗೂ ಹೋಗಲ್ಲ. ಇವತ್ತು ನಿಮ್ಮ ಕೈಯಲ್ಲಿರೋ ಫೋನ್ ಬಗ್ಗೆ ಮಾತಾಡೋಣ. ಸರಿಯಾಗಿ ಹೇಳಬೇಕು ಅಂದ್ರೆ, ಆ ಫೋನ್ ಹಾಳಾದ ಮಾರನೇ ದಿನದ ಬಗ್ಗೆ.

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ವಾಟ್ಸಾಪ್ ಬ್ಯಾಕಪ್‌ಗೆ ನೀವು ಪಾಸ್‌ವರ್ಡ್ ಇಟ್ಟಿದ್ದೀರಾ? ಇಟ್ಟಿದ್ದರೆ ಅದು ಈಗ, ಈ ಕ್ಷಣಕ್ಕೆ, ನಿಮಗೆ ನೆನಪಿದೆಯಾ? ಓಟಿಪಿ ಅಲ್ಲ. ಆಗಾಗ ಕೇಳುತ್ತಲ್ಲ ಆರು ಅಂಕಿಯ ಪಿನ್, ಅದೂ ಅಲ್ಲ. ಬ್ಯಾಕಪ್ ಪಾಸ್‌ವರ್ಡ್. "ಹಾಗಂತ ಒಂದಿದೆಯಾ?" ಅಂತ ಕೇಳೋರು ನಿಮ್ಮಲ್ಲಿ ತುಂಬಾ ಜನ ಇರ್ತೀರಿ. ನಾನು ಇಟ್ಟಿದ್ದೆ. ಇಟ್ಟು ಮರೆತೆ. ಆ ಕಥೆ ಹೇಳ್ತೀನಿ, ಯಾಕಂದ್ರೆ ಅದರಲ್ಲಿ ತಪ್ಪು ಯಾರದ್ದೂ ಅಲ್ಲ, ನಂದೇ.

ನಮ್ಮಪ್ಪ ಹಾಸನ ಜಿಲ್ಲೆಯ ಒಂದು ಊರಲ್ಲಿ ಕನ್ನಡ ಮೇಷ್ಟ್ರು. ಮೂವತ್ತೆರಡು ವರ್ಷ ಹೈಸ್ಕೂಲ್ ಮಕ್ಕಳಿಗೆ ಹಳಗನ್ನಡ, ಛಂದಸ್ಸು ಹೇಳಿಕೊಟ್ಟವರು. ಮಗ ಇಂಜಿನಿಯರಿಂಗ್ ಓದಿ, ಆ ಕೆಲಸಾನೂ ಬಿಟ್ಟು, ಟಿವಿಯಲ್ಲಿ ಕೂತು ಕನ್ನಡ ಮಾತಾಡ್ತಾನೆ ಅಂದಾಗ ಅವರಿಗೆ ಖುಷಿಯಾಗಿದ್ದಕ್ಕಿಂತ ಗಾಬರಿಯಾಗಿದ್ದೇ ಹೆಚ್ಚು. ರಾತ್ರಿ ಒಂಬತ್ತರ ಕಾರ್ಯಕ್ರಮ ಹತ್ತಕ್ಕೆ ಮುಗಿಯುತ್ತೆ. ಹತ್ತು ಗಂಟೆ ಐದು ನಿಮಿಷಕ್ಕೆ ನನ್ನ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬರ್ತಿತ್ತು. "ವಿದಾನಸೌದ ಅಲ್ಲಪ್ಪ, ವಿಧಾನಸೌಧ. ಎರಡೂ ಕಡೆ ಮಹಾಪ್ರಾಣ. ಊಟ ಆಯ್ತಾ?" ಇಷ್ಟೇ. ಹದಿನೈದು ಸೆಕೆಂಡು, ಇಪ್ಪತ್ತು ಸೆಕೆಂಡು. ಕೆಲವೊಮ್ಮೆ ನಾನು ಬೈದ ಮಂತ್ರಿಯ ಪರವಾಗಿ ಒಂದು ನಿಮಿಷದ ವಾದ. ನಾನು ಮೇಕಪ್ ಒರೆಸಿಕೊಳ್ತಾ ಕೇಳ್ತಿದ್ದೆ, ಒಂದು ಹೆಬ್ಬೆರಳು ಒತ್ತಿ ಕಳಿಸ್ತಿದ್ದೆ. 2023ರ ಆಗಸ್ಟ್‌ನಲ್ಲಿ ಅಪ್ಪ ಹೋದರು. ಹೃದಯಾಘಾತ. ಆಮೇಲೆ ಆ ಮೆಸೇಜುಗಳನ್ನ ನಾನು ಕೇಳೋಕೆ ಹೋಗಿರಲಿಲ್ಲ. ಇದ್ದೇ ಇದೆಯಲ್ಲ, ಯಾವಾಗ ಬೇಕಾದ್ರೂ ಕೇಳಬಹುದು ಅಂತ.

2025ರ ಮೇ ತಿಂಗಳ ಮಳೆ ನಿಮಗೆ ನೆನಪಿರಬೇಕು. ಹೊರಮಾವಿನ ಸಾಯಿ ಲೇಔಟ್‌ನಲ್ಲಿ ಮನೆಗಳ ಒಳಗೆ ನೀರು. ಅಲ್ಲಿ ನಿಂತು ಲೈವ್ ಕೊಡ್ತಾ ಇದ್ದಾಗ ಜೇಬಲ್ಲಿದ್ದ ಫೋನ್ ಜಾರಿ ಆ ನೀರಿಗೇ ಬಿತ್ತು. ಅಕ್ಕಿಯಲ್ಲಿ ಹೂತಿಟ್ಟೆ. ಹೌದು, ಇಂಜಿನಿಯರ್ ಆಗಿಯೂ ಅಕ್ಕಿಯಲ್ಲಿ ಹೂತಿಟ್ಟೆ, ನಗಬೇಡಿ. ಮೂರನೇ ದಿನ ರಿಪೇರಿಯ ಹುಡುಗ "ಬೋರ್ಡ್ ಹೋಗಿದೆ ಸಾರ್" ಅಂದ. ಹೊಸ ಫೋನ್ ತಗೊಂಡೆ. ಹೆದರಿಕೆ ಏನೂ ಇರಲಿಲ್ಲ, ಬ್ಯಾಕಪ್ ಇತ್ತು. ಸಿಮ್ ಹಾಕಿದೆ, ಓಟಿಪಿ ಬಂತು. ಆರು ಅಂಕಿಯ ಪಿನ್ ಕೇಳ್ತು, ಕೊಟ್ಟೆ. ಹಳೇ ಗೂಗಲ್ ಅಕೌಂಟೇ ಇತ್ತು. ಬ್ಯಾಕಪ್ ಸಿಕ್ಕಿದೆ ಅಂತ ಪರದೆ ಮೇಲೆ ಬಂತು, ತಾರೀಖು ಸಮೇತ. ಫೋನ್ ನೀರಿಗೆ ಬೀಳೋ ಹಿಂದಿನ ರಾತ್ರಿಯ ಬ್ಯಾಕಪ್. ಉಸಿರು ಬಿಟ್ಟೆ. ಆಮೇಲೆ ಬಂತು ನೋಡಿ ಆ ಖಾಲಿ ಚೌಕ. ಎನ್‌ಕ್ರಿಪ್ಟ್ ಆಗಿರೋ ಬ್ಯಾಕಪ್, ಪಾಸ್‌ವರ್ಡ್ ಕೊಡಿ.

ಯಾವ ಪಾಸ್‌ವರ್ಡ್?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಗೊಂದಲ ಇರೋದೇ ಇಲ್ಲಿ. 2016ರ ಏಪ್ರಿಲ್‌ನಿಂದ ವಾಟ್ಸಾಪ್ ಮೆಸೇಜುಗಳು ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್. ಅಂದ್ರೆ ಕಳಿಸೋನ ಫೋನಲ್ಲಿ ಬೀಗ ಬೀಳುತ್ತೆ, ಪಡೆಯೋನ ಫೋನಲ್ಲಿ ತೆಗೆಯುತ್ತೆ. ನಡುವೆ ಕಂಪನಿಗೂ ಓದೋಕೆ ಆಗಲ್ಲ. ಸರಿ. ಆದ್ರೆ ಆ ಮೆಸೇಜುಗಳ ಬ್ಯಾಕಪ್ ನಿಮ್ಮ ಗೂಗಲ್ ಖಾತೆಗೋ ಆಪಲ್‌ನ ಐಕ್ಲೌಡ್‌ಗೋ ಹೋಗಿ ಕೂರುತ್ತಲ್ಲ, ಅದಕ್ಕೆ ಆ ಬೀಗ ಇರಲಿಲ್ಲ. ಮುಂಬಾಗಿಲಿಗೆ ಗೋದ್ರೇಜ್ ಬೀಗ, ಹಿತ್ತಿಲ ಬಾಗಿಲಿಗೆ ಬರೀ ಚಿಲಕ. 2021ರ ಅಕ್ಟೋಬರ್‌ನಲ್ಲಿ ಹಿತ್ತಿಲಿಗೂ ಬೀಗ ಬಂತು. ಬೇಕಾದವರು ಹಾಕಿಕೊಳ್ಳಬಹುದು, ಕಡ್ಡಾಯ ಏನಿಲ್ಲ. ಎರಡು ದಾರಿ ಕೊಟ್ಟರು. ಒಂದು, ನೀವೇ ಒಂದು ಪಾಸ್‌ವರ್ಡ್ ಇಡಿ. ಎರಡು, ಫೋನೇ ಹುಟ್ಟಿಸಿಕೊಡೋ 64 ಅಕ್ಷರದ ಒಂದು ಕೀ ಬರೆದಿಟ್ಟುಕೊಳ್ಳಿ.

ನಾನು ಪಾಸ್‌ವರ್ಡ್ ದಾರಿ ಹಿಡಿದವನು. ಮರೆತರೆ ಏನು ಮಹಾ, "ಫರ್ಗಾಟ್ ಪಾಸ್‌ವರ್ಡ್" ಒತ್ತಿದರೆ ಇಮೇಲ್ ಬರುತ್ತೆ ಅಂದುಕೊಂಡಿದ್ದೆ. ಬ್ಯಾಂಕಿನದ್ದು ಹಾಗೆ ಬರುತ್ತೆ, ರೈಲ್ವೆ ಟಿಕೆಟ್‌ದ್ದು ಹಾಗೆ ಬರುತ್ತೆ. ಇದು ಬರಲ್ಲ. ಹಳೇ ಫೋನ್ ಕೈಯಲ್ಲಿದ್ದು, ವಾಟ್ಸಾಪ್ ಓಪನ್ ಆಗ್ತಾ ಇದ್ದರೆ, ಬೆರಳಚ್ಚು ಕೊಟ್ಟು ಹೊಸ ಪಾಸ್‌ವರ್ಡ್ ಇಡಬಹುದು. ಹಳೇ ಫೋನ್ ಇಲ್ಲ, ಪಾಸ್‌ವರ್ಡೂ ಇಲ್ಲ ಅಂದ್ರೆ ಮುಗೀತು. ಪಾಸ್‌ವರ್ಡ್‌ನ ಹಿಂದೆ ಇರೋ ನಿಜವಾದ ಕೀಯನ್ನ ವಿಶೇಷ ಯಂತ್ರಾಂಶದ ಒಂದು ಖಜಾನೆಯಲ್ಲಿ ಇಟ್ಟಿರ್ತಾರೆ. ಸರಿಯಾದ ಪಾಸ್‌ವರ್ಡ್ ಹೇಳಿದರೆ ಮಾತ್ರ ಅದು ಕೀ ಕೊಡುತ್ತೆ. ಇಂತಿಷ್ಟು ಸಲ ತಪ್ಪು ಹೇಳಿದರೆ ಕಾಯಂ ಆಗಿ ಬಾಗಿಲು ಹಾಕಿಕೊಳ್ಳುತ್ತೆ. ಕಂಪನಿ ಇದನ್ನ ಮುಚ್ಚಿಟ್ಟಿಲ್ಲ, ಮೊದಲ ದಿನವೇ ಬರೆದು ಹೇಳಿದೆ. ಓದದೆ "ಓಕೆ" ಒತ್ತಿದ್ದು ನಾನು.

ಬೇರೆ ದಾರಿ ಹುಡುಕಿ ಒಡೆಯೋಣ ಅಂದ್ರೆ? ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಲೆಕ್ಕ ಹಾಕಿದೆ. 64 ಅಕ್ಷರದ ಕೀಯಲ್ಲಿ ಒಂದೊಂದು ಜಾಗದಲ್ಲೂ 16 ಸಾಧ್ಯತೆ. ಸೊನ್ನೆಯಿಂದ ಒಂಬತ್ತು, ಆಮೇಲೆ ಎ ಇಂದ ಎಫ್. ಒಟ್ಟು ಸಾಧ್ಯತೆಗಳನ್ನ ಬರೆದರೆ 78 ಅಂಕಿಯ ಸಂಖ್ಯೆ ಬರುತ್ತೆ. ಪ್ರಪಂಚದ ಕಂಪ್ಯೂಟರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೂ ಆಗೋ ಕೆಲಸ ಅಲ್ಲ. "ನಾವು ರಿಕವರ್ ಮಾಡಿಕೊಡ್ತೀವಿ" ಅಂತ ಐದು ಸಾವಿರ, ಹತ್ತು ಸಾವಿರ ಕೇಳೋರು ಸಿಗ್ತಾರೆ. ಈ ಬೀಗ ಅವರಿಗೂ ತೆಗೆಯೋಕಾಗಲ್ಲ, ದುಡ್ಡು ಕೊಡಬೇಡಿ. ನಾನು ನೆನಪಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಒಂದೊಂದಾಗಿ ಹಾಕಿದೆ. ಅಪ್ಪನ ಹೆಸರು, ಊರ ಹೆಸರು, ಹಳೇ ಬೈಕ್ ನಂಬರು. ಕೊನೆಗೆ ಅವಕಾಶವೂ ಮುಗೀತು. ಆ ಬ್ಯಾಕಪ್ ನನ್ನ ಗೂಗಲ್ ಖಾತೆಯಲ್ಲಿ ಜಾಗ ತಿನ್ನುತ್ತಾ ಕೂತಿದೆ. ನನ್ನದೇ ಗಂಟು, ನನ್ನದೇ ಬೀಗ.

ಹಾಗಾದ್ರೆ ಬೀಗ ಹಾಕಿದ್ದೇ ಯಾಕೆ ಅಂತ ಕೇಳ್ತೀರಿ. ಅದಕ್ಕೆ ಉತ್ತರ ಕೊಡೋಕೆ ನನಗೆ ಸ್ವಲ್ಪ ಮುಜುಗರ.

2020ರಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ತನಿಖೆ ನಡೀತಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣ. ತಿಂಗಳುಗಟ್ಟಲೆ ದೇಶದ ಟಿವಿಗಳಲ್ಲಿ ಬಂದಿದ್ದೇನು? ವಾಟ್ಸಾಪ್ ಚಾಟ್. ಹಸಿರು ಬಣ್ಣದ ಡಬ್ಬಿಯೊಳಗೆ ಯಾರೋ ಯಾರಿಗೋ ಕಳಿಸಿದ ಮಾತು, ಪಕ್ಕದಲ್ಲಿ ಫೋಟೋ, ಹಿಂದೆ ಢಂ ಅನ್ನೋ ಮ್ಯೂಸಿಕ್. ನಾನೂ ಓದಿದ್ದೀನಿ, ಇದೇ ಡೆಸ್ಕ್‌ನಲ್ಲಿ ಕೂತು. ಹುಡುಗಿಯೊಬ್ಬಳು ಗೆಳತಿಗೆ ಕಳಿಸಿದ ಮಾತನ್ನ ಧ್ವನಿ ಏರಿಸಿ, ಇಳಿಸಿ ಓದಿದ್ದೀನಿ. ತನಿಖೆಗೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ, ಟಿಆರ್‌ಪಿಗಂತೂ ಇತ್ತು. ಎನ್‌ಕ್ರಿಪ್ಟೆಡ್ ಅಂತೀರಿ, ಮತ್ತೆ ಚಾಟ್ ಹೊರಗೆ ಬಂದಿದ್ದು ಹೇಗೆ ಅಂತ ಜನ ಕೇಳಿದರು. ಫೋನೇ ತನಿಖಾಧಿಕಾರಿ ಕೈಗೆ ಸಿಕ್ಕ ಮೇಲೆ ದಾರಿಯಲ್ಲಿ ಬೀಗ ಇದ್ದು ಏನು ಪ್ರಯೋಜನ? ಜೊತೆಗೆ ಬ್ಯಾಕಪ್ ಅನ್ನೋ ಹಿತ್ತಿಲ ಬಾಗಿಲ ಚರ್ಚೆಯೂ ಆಗಲೇ ಜೋರಾಗಿದ್ದು. ಒಂದು ವರ್ಷದ ನಂತರ ಬ್ಯಾಕಪ್ ಎನ್‌ಕ್ರಿಪ್ಷನ್ ಬಂದಾಗ ಅದರ ಬಗ್ಗೆ ಅರ್ಧ ಗಂಟೆ ಕಾರ್ಯಕ್ರಮ ಮಾಡಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ತೀರ್ಪಿಗೆ ಅರ್ಜಿದಾರರು ಯಾರು ಗೊತ್ತಾ, ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅಂತೆಲ್ಲ ಹೇಳಿದೆ. ಕಾರ್ಯಕ್ರಮ ಮುಗಿಸಿ ಮೇಕಪ್ ರೂಮಿನಲ್ಲೇ ನನ್ನ ಫೋನಿಗೂ ಬೀಗ ಹಾಕಿದೆ. ಬೇರೆಯವರ ಚಾಟ್ ಓದಿದವನಿಗೆ ತನ್ನ ಚಾಟಿನ ಭಯ ಜಾಸ್ತಿ. ಅವತ್ತು ರಾತ್ರಿ ಅಪ್ಪನ ಮೆಸೇಜ್ ಬಂದಿತ್ತು, "ಕಾಸಗಿ ಅಲ್ಲ, ಖಾಸಗಿ."

ಹೊಸ ಫೋನ್ ತಗೊಳ್ಳೋರಿಗೆ ಕೆಲವು ಮಾತು. ಹಳೇ ಫೋನ್ ಇನ್ನೂ ಜೀವಂತ ಇದ್ದರೆ ಕ್ಲೌಡ್ ಸಹವಾಸವೇ ಬೇಡ. ಎರಡೂ ಫೋನ್ ಪಕ್ಕ ಪಕ್ಕ ಇಟ್ಟು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಚಾಟ್ ವರ್ಗಾಯಿಸೋ ಸೌಲಭ್ಯ 2023ರಿಂದ ಇದೆ. ವರ್ಗಾವಣೆ ಪೂರ್ತಿ ಮುಗಿದು, ಹೊಸದರಲ್ಲಿ ಹಳೇ ಫೋಟೋ ತೆರೆದು ನೋಡೋವರೆಗೂ ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಸಾವಿರದೈನೂರು ರೂಪಾಯಿ ಡಿಸ್ಕೌಂಟ್ ಆಸೆಗೆ ಅಂಗಡಿಯಲ್ಲೇ ರೀಸೆಟ್ ಮಾಡಿಸಿ ಬಂದೋರು ನನಗೆ ಗೊತ್ತು. ಹಳೇದು ಇಲ್ಲ ಅಂದ್ರೆ ಅದೇ ನಂಬರ್, ಅದೇ ಗೂಗಲ್ ಖಾತೆ ಬೇಕು. ರಿಸ್ಟೋರ್ ಮಾಡಲಾ ಅಂತ ಕೇಳಿದಾಗ ಅವಸರಕ್ಕೆ "ಸ್ಕಿಪ್" ಒತ್ತಬೇಡಿ. ಒತ್ತಿ ಮುಂದೆ ಹೋದರೆ, ಹೊಸ ಫೋನ್ ರಾತ್ರಿ ತನ್ನ ಖಾಲಿ ಚಾಟನ್ನ ಬ್ಯಾಕಪ್ ಮಾಡಿ ಹಳೇದರ ಮೇಲೆ ಬರೆದುಬಿಡುತ್ತೆ. ಅದನ್ನ ಯಾವ ಪಾಸ್‌ವರ್ಡೂ ವಾಪಸ್ ತರಲ್ಲ. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗೋರು ಗೂಗಲ್ ಬ್ಯಾಕಪ್ ನಂಬಿಕೊಂಡು ಹೋಗಬೇಡಿ. ಅದು ಅಲ್ಲಿ ತೆರೆಯಲ್ಲ, ಹಳೇ ಫೋನ್ ಇರುವಾಗಲೇ ನೇರ ವರ್ಗಾವಣೆ ಮಾಡಿಕೊಳ್ಳಬೇಕು. ಸಿಗ್ನಲ್ ಆ್ಯಪ್ ಬಳಸೋರಿಗಂತೂ ಇನ್ನೂ ಕಟ್ಟುನಿಟ್ಟು. 2025ರ ಸೆಪ್ಟೆಂಬರ್‌ನಲ್ಲಿ ಅವರೂ ಕ್ಲೌಡ್ ಬ್ಯಾಕಪ್ ಶುರು ಮಾಡಿದ್ದಾರೆ, ಅದಕ್ಕೂ 64 ಅಕ್ಷರದ ಕೀ, ಕಳೆದರೆ ಅವರೂ ಕೈ ಎತ್ತುತ್ತಾರೆ. ನಂತರದ ಅಕ್ಟೋಬರ್‌ನಲ್ಲಿ ವಾಟ್ಸಾಪ್ ಪಾಸ್‌ಕೀ ಅಂತ ಘೋಷಿಸಿತು. ಬೆರಳಚ್ಚು, ಮುಖ ಅಥವಾ ಸ್ಕ್ರೀನ್ ಲಾಕ್‌ನಿಂದಲೇ ಬ್ಯಾಕಪ್ ತೆಗೆಯೋ ವ್ಯವಸ್ಥೆ. ನನ್ನಂಥ ಮರೆಗುಳಿಗಳಿಗೆ ಒಳ್ಳೇದು. ನನಗೆ ಐದು ತಿಂಗಳು ತಡವಾಯ್ತು, ಅಷ್ಟೆ.

ಆದ್ರೆ ನಮ್ಮ ಮನೆಗಳಲ್ಲಿ ಸಮಸ್ಯೆ ತಂತ್ರಜ್ಞಾನದ್ದಲ್ಲ ಅಂತ ನನಗೆ ಅನಿಸುತ್ತೆ. ಊರಲ್ಲಿರೋ ನಿಮ್ಮ ಅಮ್ಮನ ಫೋನಲ್ಲಿರೋ ಜಿಮೇಲ್ ಮಾಡಿದ್ದು ಯಾರು? ಮೊಬೈಲ್ ಅಂಗಡಿ ಹುಡುಗ. ಪಾಸ್‌ವರ್ಡ್ ಯಾರಿಗೆ ಗೊತ್ತು? ಅವನಿಗೂ ನೆನಪಿಲ್ಲ. ಮುಂದಿನ ಫೋನಿಗೆ ಇನ್ನೊಂದು ಜಿಮೇಲ್, ಅದರ ಮುಂದಿನದ್ದಕ್ಕೆ ಮತ್ತೊಂದು. ಒಂದೊಂದು ಖಾತೆಯಲ್ಲೂ ಒಂದಿಷ್ಟು ವರ್ಷದ ಫೋಟೋ, ಮಾತು, ಮದುವೆ, ನಾಮಕರಣ ಸಿಕ್ಕಿಹಾಕಿಕೊಂಡಿದೆ. ಹೊಲದ ಪಹಣಿ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರುತ್ತೆ. ಎಲ್‌ಐಸಿ ಬಾಂಡ್ ಯಾವ ಟ್ರಂಕಿನಲ್ಲಿದೆ ಅಂತ ಗೊತ್ತಿರುತ್ತೆ. ಇದು ಯಾರಿಗೂ ಗೊತ್ತಿಲ್ಲ. ಬೆಂಗಳೂರಿಂದ ಹಬ್ಬಕ್ಕೆ ಬಂದ ಮಗ ಎಲ್ಲರ ಫೋನ್ ಸೆಟ್ ಮಾಡಿಕೊಟ್ಟು, ಪಾಸ್‌ವರ್ಡ್ ತನ್ನ ತಲೆಯಲ್ಲಿ ಇಟ್ಟುಕೊಂಡು ಬಸ್ ಹತ್ತುತ್ತಾನೆ. ಆ ಮಗ ನಾನೇ.

ಅಪ್ಪನ ಫೋನ್ ನೆನಪಾಗಿದ್ದು ಜೂನ್‌ನಲ್ಲಿ. ಮಾತಿಗೆ ಎರಡು ತುದಿ ಇರುತ್ತಲ್ಲ. ನನ್ನ ತುದಿ ನೀರಿಗೆ ಬಿತ್ತು, ಅವರ ತುದಿ? ಅಮ್ಮನಿಗೆ ಫೋನ್ ಮಾಡಿದೆ. ಬೀರುವಿನಲ್ಲಿ, ಅವರ ಕನ್ನಡಕದ ಪಕ್ಕ ಇಟ್ಟಿದ್ದೀನಿ ಅಂದರು. ಮುಂದಿನ ಭಾನುವಾರ ಹೋದೆ. ರೀಚಾರ್ಜ್ ಇಲ್ಲದೆ ಸಿಮ್ ಸತ್ತು ಯಾವುದೋ ಕಾಲವಾಗಿತ್ತು. ಚಾರ್ಜ್‌ಗೆ ಹಾಕಿ ಅರ್ಧ ಗಂಟೆ ಕಾದ ಮೇಲೆ ಫೋನ್ ಎದ್ದಿತು. ಪ್ಯಾಟರ್ನ್ ಲಾಕ್ ಅಮ್ಮನೇ ಎಳೆದರು.

ತುಂಬಾ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಆಂಡ್ರಾಯ್ಡ್ ಫೋನಲ್ಲಿ ವಾಟ್ಸಾಪ್‌ನ ಬರಹದ ಚಾಟ್ ಬೀಗದೊಳಗೆ ಇರುತ್ತೆ, ಆದ್ರೆ ಫೋಟೋ, ವಿಡಿಯೋ, ವಾಯ್ಸ್ ಮೆಸೇಜ್ ಎಲ್ಲ ಫೋನಿನ ಮಾಮೂಲಿ ಫೋಲ್ಡರ್‌ಗಳಲ್ಲಿ ಹಾಗೇ ಬಿದ್ದಿರುತ್ತೆ. ಮೀಡಿಯಾ ಅಂತ ಒಂದು ಫೋಲ್ಡರ್, ಅದರೊಳಗೆ ವಾಯ್ಸ್ ನೋಟ್ಸ್, ಅದರೊಳಗೆ ವರ್ಷ ಮತ್ತು ವಾರದ ನಂಬರ್ ಹೊತ್ತ ಸಣ್ಣ ಸಣ್ಣ ಫೋಲ್ಡರ್. ಬಂದದ್ದೂ ಅಲ್ಲೇ, ಕಳಿಸಿದ್ದೂ ಅಲ್ಲೇ. ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಯಾವ ಪಾಸ್‌ವರ್ಡೂ ಬೇಡ, ಸ್ಕ್ರೀನ್ ಲಾಕ್ ಒಂದು ತೆಗೆದಿದ್ದರೆ ಸಾಕು. ಕೈ ನಡುಗ್ತಿತ್ತು. ತೆರೆದರೆ, 2023ರ ಫೆಬ್ರವರಿಗಿಂತ ಹಿಂದಿನದ್ದು ಏನೂ ಇಲ್ಲ. ಯಾಕೆ ಅಂತ ಕೂಡಲೇ ಗೊತ್ತಾಯ್ತು. ಆ ಫೋನಿಗೆ ಜಾಗ ಸಾಲದೆ ಪದೇ ಪದೇ ನಿಂತುಹೋಗ್ತಿತ್ತು. ಆ ಫೆಬ್ರವರಿಯಲ್ಲಿ ಫೋನಿನಲ್ಲೇ ಅಪ್ಪನಿಗೆ ಒಂದೊಂದು ಹೆಜ್ಜೆ ಹೇಳಿಕೊಟ್ಟು ಹಳೇದನ್ನೆಲ್ಲ ಅಳಿಸಿದ್ದು ನಾನೇ. "ಬೇಡದ್ದು ಡಿಲೀಟ್ ಮಾಡಪ್ಪ" ಅಂದಿದ್ದೆ.

ಉಳಿದಿದ್ದು ಆರು ತಿಂಗಳದ್ದು. ಫೈಲಿನ ಹೆಸರಲ್ಲಿ ತಾರೀಖು, ಒಂದು ಕ್ರಮಸಂಖ್ಯೆ, ಅಷ್ಟೇ. ಯಾರಿಗೆ ಕಳಿಸಿದ್ದು ಅಂತ ಇರಲ್ಲ. ಮೊದಲನೆಯದು ಒತ್ತಿದೆ. ಅಪ್ಪ ಯಾರಿಗೋ ತೆಂಗಿನಕಾಯಿ ರೇಟ್ ಹೇಳ್ತಿದ್ದಾರೆ. ಎರಡನೆಯದು ಅತ್ತೆಗೆ, ಯಾವುದೋ ತಿಥಿ ವಿಚಾರ. ಓ, ಇವೆಲ್ಲ ನನಗೆ ಬಂದಿದ್ದಲ್ಲ. ಇಂಜಿನಿಯರ್ ಬುದ್ಧಿ ಓಡಿಸಿದೆ. ಫೈಲ್ ಹುಟ್ಟಿದ ಸಮಯದ ಪ್ರಕಾರ ಜೋಡಿಸಿ, ರಾತ್ರಿ ಹತ್ತರಿಂದ ಹತ್ತೂವರೆ ಒಳಗಿನದ್ದು ಮಾತ್ರ ಆರಿಸಿದೆ. ಸರಿಯಾಗೇ ಸಿಕ್ಕಿತು. "ಭಾರತ. ಬಾರತ ಅಲ್ಲ." "ಇವತ್ತು ಶರ್ಟು ಚೆನ್ನಾಗಿತ್ತು ಅಂತಾಳೆ ನಿಮ್ಮಮ್ಮ." "ಅಷ್ಟು ಕೂಗಬೇಡವೋ, ಗಂಟಲು ಹೋಗುತ್ತೆ." ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳ್ತಿದ್ದರು.

2023ರ ಮೇ 9ರ ಫೈಲ್ ಒತ್ತಿದೆ. ಮಾರನೇ ದಿನ ಮತದಾನ, ಅವತ್ತು ನಾನು ಹದಿನಾಲ್ಕು ಗಂಟೆ ಸ್ಟುಡಿಯೋದಲ್ಲಿದ್ದೆ. ಸಮಯ ಹತ್ತು ಇಪ್ಪತ್ತು. ಅಪ್ಪನ ದನಿ, ಆದ್ರೆ ಮೆಲ್ಲಗೆ. ಜೊತೆಗೆ ಕೆಲಸ ಮಾಡಿದ ಇನ್ನೊಬ್ಬ ಮೇಷ್ಟ್ರಿಗೆ ಹೇಳ್ತಿದ್ದಾರೆ. ಎಕೋ ಮಾಡಿಸಿದೆ ಮೇಷ್ಟ್ರೇ, ಬೆಂಗಳೂರಿಗೆ ಹೋಗಿ ತೋರಿಸಿ ಅಂತಾರೆ ಡಾಕ್ಟ್ರು. ಮಗನಿಗೆ ಈಗ ಹೇಳಲ್ಲ. ಪಾಪ, ಎಲೆಕ್ಷನ್ನಲ್ಲಿ ಊಟ ನಿದ್ದೆ ಇಲ್ಲ ಅವನಿಗೆ. ಕೌಂಟಿಂಗ್ ಮುಗೀಲಿ, ಆಮೇಲೆ ನೋಡೋಣ.

ಲ್ಯಾಪ್‌ಟಾಪ್ ಮುಚ್ಚಿದೆ.

ಕೌಂಟಿಂಗ್ ಮೇ 13ಕ್ಕೆ ಮುಗೀತು. ಆಮೇಲೆ ಸಿಎಂ ಯಾರು, ಸಂಪುಟದಲ್ಲಿ ಯಾರು, ಗ್ಯಾರಂಟಿ ಯಾವಾಗ. ನನಗೆ ಬಿಡುವಾಗಲಿಲ್ಲ, ಅವರು ಹೇಳಲಿಲ್ಲ.

ಅಮ್ಮನಿಗೆ ಗೊತ್ತಿತ್ತಾ ಅಂತ ನಾನು ಕೇಳಿಲ್ಲ. ಈ ಮಾತನ್ನ ಇಲ್ಲಿ ಹೇಳೋಕೆ ಮಾತ್ರ ಅವರ ಒಪ್ಪಿಗೆ ಕೇಳಿದ್ದೀನಿ. ಅದು ನನಗೆ ಕಳಿಸಿದ ಮಾತಲ್ಲ. ನನ್ನಿಂದ ಮುಚ್ಚಿಡೋಕೆ ಅಂತಲೇ ಆಡಿದ ಮಾತು, ಅದನ್ನೇ ನಾನು ಕೇಬಲ್ ಹಾಕಿ ಕೇಳಿದೆ. ಎಷ್ಟು ಸುಲಭವಾಗಿ ಸಿಕ್ಕಿತು ನೋಡಿ. ಆ ಹುಡುಗಿಯ ಚಾಟ್ ಕೂಡ ನಮಗೆ ಅಷ್ಟೇ ಸುಲಭವಾಗಿ ಸಿಕ್ಕಿತ್ತು. ಒಂದು ತಿಂಗಳಿಂದ ಬೈತಾ ಇದ್ದ ಬೀಗವನ್ನ ನಾನು ಬೈಯೋದು ನಿಲ್ಲಿಸಿದೆ. ಮಿಕ್ಕ ಫೈಲುಗಳನ್ನ ತೆರೆಯಲಿಲ್ಲ. ಅಲ್ಲಿವರೆಗೆ ಕೇಳಿದ್ದರಲ್ಲಿ ನನ್ನವೇ ಆಗಿದ್ದ ಐವತ್ತಮೂರನ್ನ ಎರಡು ಪೆನ್‌ಡ್ರೈವ್‌ಗೆ ಹಾಕಿದೆ. ಫೋನ್ ಮತ್ತೆ ಕನ್ನಡಕದ ಪಕ್ಕಕ್ಕೆ ಹೋಯ್ತು.

ನನ್ನ ಹೊಸ ಫೋನಿನ ಬ್ಯಾಕಪ್‌ಗೆ ಮತ್ತೆ ಬೀಗ ಹಾಕಿದ್ದೀನಿ. ಹಾಕದೇ ಇರಬಹುದಿತ್ತು. ಬ್ಯಾಕಪ್ ಕಳೆದುಕೊಂಡ ಎಷ್ಟೋ ಜನ ಹಾಗೇ ಮಾಡ್ತಾರೆ, ಬೈಯಲ್ಲ. ಈ ಸಲ ಪಾಸ್‌ವರ್ಡ್ ಬೇಡ ಅಂತ 64 ಅಕ್ಷರದ ಕೀಯನ್ನೇ ತಗೊಂಡೆ. ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಲ್ಲಿ ಇಟ್ಟುಕೊಳ್ಳೋದು ಅಂದ್ರೆ ಬೀಗದ ಕೈಯನ್ನ ಮನೆಯೊಳಗೆ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕಾಗದವೇ ಸರಿ. ಅಮ್ಮ ಹಾಲಿನ ಲೆಕ್ಕದ ಡೈರಿ ತಂದರು, ಕೊನೇ ಪುಟ ತೆಗೆದರು. ನಾನು ಓದಿದೆ, ಅವರು ಬರೆದರು. ಏಳು, ಎಫ್, ಸೊನ್ನೆ, ಮೂರು. ಬರೆದಾದ ಮೇಲೆ ತಿರುಗಿ ಓದಿ ಹೇಳಮ್ಮ ಅಂದೆ. ಮೂರನೇ ಸಾಲಲ್ಲಿ ನಾನು ಡಿ ಅಂದಿದ್ದು ಅವರು ಬಿ ಅಂತ ಬರೆದಿದ್ದರು.

ಡಿ ಅಮ್ಮ, ಬಿ ಅಲ್ಲ ಅಂದೆ.

"ಟಿವಿಲಿ ಮಾತಾಡೋನು ನೀನು, ಸರಿಯಾಗಿ ಉಚ್ಚಾರ ಮಾಡು" ಅಂದರು. ಹೊಡೆದುಹಾಕಿ ಡಿ ಅಂತ ಬರೆದು, ಮತ್ತೆ ಮೊದಲಿಂದ ಓದೋಕೆ ಹೇಳಿದರು.